ನಾಲ್ಕು ತಾಲ್ಲೂಕುಗಳ ಪಾಠಶಾಲೆ

ಮೈಸೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲುಗಾಡಿ ಸಾಗರಕಟ್ಟೆಯ ಸೇತುವೆಯನ್ನು ದಾಟುವಾಗ, ಎಷ್ಟು ಮಾತಿನಲ್ಲಿ ಮುಳುಗಿದ್ದವರೂ ಒಂದು ಗಳಿಗೆ ಕಿಟಕಿಯ ಕಡೆಗೆ ತಿರುಗುವರು. ಕನ್ನಂಬಾಡಿಯ ಹಿನ್ನೀರು ಎರಡು ಮಗ್ಗುಲಿಗೂ ಹರಡಿಕೊಂಡಿರುವ ನೋಟ ಅಂಥದು. 2023ನೆಯ ಇಸವಿಯ ದಸರೆಯ ರಜೆಯಲ್ಲಿ ನಾನು ಆ ಸೇತುವೆಯನ್ನು ದಾಟಿದಾಗ, ಮಳೆ ಕಡಮೆಯಾದ ವರ್ಷವಾದ್ದರಿಂದ, ನೀರು ದಡವನ್ನು ಬಿಟ್ಟು ಹಿಂದಕ್ಕೆ ಸರಿದಿದ್ದಿತು. ಜೊತೆಯಲ್ಲಿದ್ದ ಅಕ್ಕನ ಮಗಳಿಗೆ ಮಾತ್ರ ನೀರಿನ ಮೇಲೆ ಗಮನವಿರಲಿಲ್ಲ. ಅವಳ ತೊಡೆಯ ಮೇಲೆ ಒಂದು ನೋಟುಪುಸ್ತಕವಿದ್ದಿತು. ಅದರ ಮೊದಲನೆಯ ಪುಟದಲ್ಲಿ “ಪ್ರಾಜೆಕ್ಟ್” ಎಂಬ ಒಂದು ಮಾತಿದ್ದು ಉಳಿದದ್ದೆಲ್ಲ ಬರಿದಾಗಿದ್ದಿತು.

ವಾಚಕರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಎಸ್.ಎಸ್.ಎಲ್.ಸಿ. ಮುಗಿಸಿ ಪಾಲಿಟೆಕ್ನಿಕ್ಕಿಗೆ ಸೇರುವ ಮಕ್ಕಳಿಗೆ ಮೂರು ವರ್ಷದ ಡಿಪ್ಲೊಮಾ ಉಂಟಷ್ಟೆ. 2020-21ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಪಠ್ಯಕ್ರಮವು ಇದರ ಕಡೆಯ ಆರು ತಿಂಗಳನ್ನು ಕೋಣೆಯ ಪಾಠದಿಂದ ಬಿಡಿಸಿ, ಇಂಟರ್ನ್‌ಷಿಪ್ ಅಥವಾ ಪ್ರಾಜೆಕ್ಟಿಗೆಂದು ಮೀಸಲಿಟ್ಟಿತು. ಎಂದರೆ, ಹದಿನೆಂಟು ವರ್ಷದ ಹುಡುಗನೋ ಹುಡುಗಿಯೋ ಯಾವುದಾದರೂ ಕೆಲಸದ ಸ್ಥಳಕ್ಕೆ ಹೋಗಿ ನಿಂತು, ಕಂಡು ಕಲಿತು, ತನ್ನದೇ ಆದ ಒಂದು ಕೆಲಸವನ್ನು ಮಾಡಿ ತೋರಿಸತಕ್ಕದ್ದು. ಅಮೆರಿಕದ ಹಲವು ಪ್ರೌಢಶಾಲೆಗಳಲ್ಲಿಯೂ ಕಡೆಯ ವರ್ಷದ ಮಕ್ಕಳನ್ನು ಕೆಲವು ವಾರ ಹೀಗೆ ಹೊರಗೆ ಕಳುಹಿಸುವ ಪದ್ಧತಿಯುಂಟು. ಏರ್ಪಾಡು ಒಳ್ಳೆಯದೇ. ಆದರೆ ಹಳ್ಳಿಯಿಂದ ಬಂದ ಮಗುವಿಗೆ ಆ ಕೆಲಸದ ಸ್ಥಳ ಎಲ್ಲಿದೆ? ನನ್ನ ಸೊಸೆಯ ಗೆಳತಿಯೊಬ್ಬಳಿಗೆ ದೂರದ ಒಂದು ಸಂಸ್ಥೆಯವರು, ಇಷ್ಟು ಹಣ ಕಟ್ಟಿದರೆ ಬರದೆ ಇದ್ದರೂ ಪ್ರಮಾಣಪತ್ರ ಮನೆಗೆ ಬರುವುದೆಂದು ತಿಳಿಸಿದ್ದರಂತೆ. ಮತ್ತೊಬ್ಬ ಹುಡುಗ, ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ, ಕಪ್ಪು ಗೆರೆಯನ್ನು ಹಿಡಿದು ತಾನಾಗಿ ಓಡುವ ಆಟದ ಗಾಡಿಯೊಂದನ್ನು ಕೊಳ್ಳಲು ನಿಶ್ಚಯಿಸಿದ್ದನಂತೆ.

“ಮಾವ, ನನಗೂ ಅಪ್ಪ ದುಡ್ಡು ಕೊಡುತ್ತಾರೆ. ಆದರೆ ಆ ಗಾಡಿ ಯಾರಿಗೆ ಬೇಕು?” ಎಂದಳು ಹುಡುಗಿ. ಈ ಒಂದು ಮಾತಿಗಾಗಿಯೇ ನಾನು ಅವಳೊಡನೆ ಹೊರಟಿದ್ದೆ. ನಮ್ಮ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಸುತ್ತಿ, ಬೇಕಾದ ಕೆಲಸವೊಂದು ಸಿಕ್ಕುವುದೋ ಇಲ್ಲವೋ ನೋಡೋಣವೆಂಬುದು ನಮ್ಮ ಒಪ್ಪಂದ.

ಮೊದಲು ಇಳಿದದ್ದು ಕೃಷ್ಣರಾಜನಗರದಲ್ಲಿ. ಈ ಊರಿನ ಬೀದಿಗಳು ಹಗ್ಗ ಹಿಡಿದು ಎಳೆದಂತೆ ನೇರವಾಗಿರುವುದನ್ನು ಹೊಸಬರು ಕೂಡಲೇ ಗುರುತಿಸುವರು. ಅದಕ್ಕೆ ಕಾರಣವುಂಟು. ಹಳೆಯ ಊರಾದ ಎಡತೊರೆ ಕಾವೇರಿಯ ದಡದಲ್ಲಿದ್ದು, ನೆರೆ ಬಂದಾಗಲೆಲ್ಲ ನೀರಿಗೆ ಸಿಕ್ಕಿ ನರಳುತ್ತಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ನೀರು ಮುಟ್ಟದ ಎತ್ತರದಲ್ಲಿ ಹೊಸ ಊರನ್ನು ಅಳೆದು ಕಟ್ಟಿಸಿ, ಅದಕ್ಕೆ ಅವರ ಹೆಸರನ್ನೇ ಇಟ್ಟರು. ಎಡತೊರೆಯಲ್ಲಿ ಅರ್ಕೇಶ್ವರನ ದೇವಾಲಯ ಇಂದಿಗೂ ಹೊಳೆಯ ಮಗ್ಗುಲಲ್ಲಿಯೇ ಇದೆ. ದೇವರು ಹಳೆಯ ಜಾಗವನ್ನು ಬಿಡಲಿಲ್ಲ. ಜನ ಮಾತ್ರ ತಮ್ಮ ತೊಂದರೆಗೆ ತಕ್ಕ ಉಪಾಯವನ್ನು ಕಂಡುಕೊಂಡರು.

ಸುತ್ತಲೂ ಕಾಲುವೆಯ ನೀರು ಕುಡಿದ ಬತ್ತದ ಗದ್ದೆಗಳು, ಊರ ಅಂಚಿನಲ್ಲಿ ಅಕ್ಕಿಯ ಗಿರಣಿಗಳು. ಗಿರಣಿಗಳ ಯಂತ್ರಗಳನ್ನು ದುರಸ್ತು ಮಾಡುವ ಒಂದು ಸಣ್ಣ ಕಾರ್ಖಾನೆಗೆ ಹೋದೆವು. ಯಜಮಾನರು ವಯಸ್ಸಾದವರು, ಓದಿದ್ದು ಕಡಮೆ. ಲೇತಿನ ಮುಂದೆ ನಿಂತಿದ್ದ ಒಬ್ಬ ಹುಡುಗನನ್ನು ತೋರಿಸಿ, “ಇವನು ಬಂದಾಗ ಬೇರಿಂಗು ಕೆಟ್ಟಿದೆಯೆಂದು ಕಣ್ಣಿನಿಂದ ನೋಡಿ ಹೇಳುತ್ತಿದ್ದ. ಈಗ ಸದ್ದಿನಿಂದಲೇ ಹೇಳುತ್ತಾನೆ” ಎಂದರು. ಅಲ್ಲಿ ಯಾರೂ ಇಂಟರ್ನ್‌ಷಿಪ್ ಎಂಬ ಮಾತನ್ನು ಆಡಲಿಲ್ಲ; ಕಲಿಯುವಿಕೆ ಮಾತ್ರ ನಡೆದೇ ಇದ್ದಿತು. ಹುಡುಗಿ ಪುಸ್ತಕದಲ್ಲಿ ಬರೆದುಕೊಂಡ ಮೊದಲನೆಯ ಸಾಲು ಇದು: “ಯಂತ್ರ ಕೆಡುವ ಮುಂಚೆ ಏನೋ ಒಂದು ಹೇಳುತ್ತದೆ.”

ಮರುದಿನ ಹುಣಸೂರು. ಲಕ್ಷ್ಮಣತೀರ್ಥದ ಈ ಊರಿನಲ್ಲಿ ಇಂದು ಮರದ ವ್ಯಾಪಾರವೂ ಹೊಗೆಸೊಪ್ಪಿನ ಮಾತೂ ಹೆಚ್ಚು. ಆದರೆ ಇಲ್ಲಿ ಒಂದು ಹಳೆಯ ಕಥೆಯಿದೆ. ನಮ್ಮ ಪ್ರಯಾಣದ ಉದ್ದೇಶಕ್ಕೆ ಅದು ಬಹಳ ಹತ್ತಿರದ್ದಾದ್ದರಿಂದ ಅದನ್ನು ಹೇಳುತ್ತೇನೆ. ಹಿಂದೆ ಅಮೃತಮಹಲ್ ದನಗಳ ಇಲಾಖೆಯ ಮುಖ್ಯ ಠಾಣ್ಯ ಹುಣಸೂರಿನಲ್ಲಿದ್ದಿತು. ಮದರಾಸಿನ ಸೈನ್ಯಕ್ಕೆ ಸಾಮಗ್ರಿಯನ್ನು ಒದಗಿಸುವ ಇಲಾಖೆಯವರು ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆಯನ್ನೂ, ಕಂಬಳಿಯ ಕಾರ್ಖಾನೆಯನ್ನೂ, ಮರದ ಅಡ್ಡೆಯನ್ನೂ ನಡೆಸುತ್ತಿದ್ದರು. 1864ರಲ್ಲಿ ಅವನ್ನೆಲ್ಲ ಮುಚ್ಚಿಬಿಟ್ಟರು. ಇತರ ಊರಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿದ್ದಿತು. ಹುಣಸೂರಿನಲ್ಲಿ ಮುಗಿಯಲಿಲ್ಲ. ಆ ಕಾರ್ಖಾನೆಗಳಲ್ಲಿ ಕೈ ಪಳಗಿದ್ದ ಊರಿನ ಜನರು, ಸರ್ಕಾರದ ಛಾವಣಿ ಹೋದ ಮೇಲೆಯೂ, ತಮ್ಮ ತಮ್ಮ ಮನೆಗಳಲ್ಲಿ ಒಳ್ಳೆಯ ಚರ್ಮವನ್ನೂ ಕಂಬಳಿಯನ್ನೂ ತಯಾರಿಸುತ್ತಲೇ ಇದ್ದರು; ಒಳ್ಳೆಯ ಕಟ್ಟಿನ ಗಾಡಿಗಳಿಗೂ ಹುಣಸೂರು ಹೆಸರಾಯಿತು. ಮುಂದೆ ಬಂದ ಗೆಜೆಟಿಯರುಗಳಲ್ಲಿ ಇದು ದಾಖಲಾಗಿದೆ.

ಕಾರ್ಖಾನೆ ಹೋಯಿತು, ಕೈ ಉಳಿಯಿತು. ಇಂಟರ್ನ್‌ಷಿಪ್ ಎಂಬುದರ ತಿರುಳು ಇದೇ ಎಂದು ನನಗೆ ತೋರುತ್ತದೆ. ಯಾವ ಸಂಸ್ಥೆಯ ಬಾಗಿಲಲ್ಲಿ ನಿಂತು ಕಲಿತೆವೆಂಬುದಕ್ಕಿಂತ, ಆ ಬಾಗಿಲು ಮುಚ್ಚಿದ ಮೇಲೆ ನಮ್ಮ ಕೈಯಲ್ಲಿ ಏನುಳಿಯಿತೆಂಬುದು ಮುಖ್ಯ.

ಸಂಜೆಗೆ, ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಇಳಿದು ಅಕ್ಕನ ಹಳ್ಳಿಯನ್ನು ಸೇರಿದೆವು. ಈ ಪ್ರಾಂತದ ಹಳ್ಳಿಗಳನ್ನು ದೂರದಿಂದಲೇ ಗುರುತಿಸಬಹುದು. ಮನೆಗಳ ನಡುವೆ ಕಿಟಕಿಯಿಲ್ಲದ ಎತ್ತರದ ಕಟ್ಟಡಗಳು ಎದ್ದು ಕಾಣುತ್ತವೆ. ಇವೇ ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳ ಹಗುರ ಮಣ್ಣಿನಲ್ಲಿ, ಮುಂಗಾರು ಮಳೆಯ ಆಶ್ರಯದಲ್ಲಿ, ಸಿಗರೇಟಿಗೆ ಬೇಕಾದ ವರ್ಜೀನಿಯಾ ಜಾತಿಯ ಸೊಪ್ಪು ಚೆನ್ನಾಗಿ ಬರುತ್ತದೆ. ಇದಕ್ಕಾಗಿ ಹುಣಸೂರಿನಲ್ಲಿ 1957ರಲ್ಲಿಯೇ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆಯ ಒಂದು ಠಾಣ್ಯವನ್ನು ಸ್ಥಾಪಿಸಿದರು.

ಬ್ಯಾರನ್ನಿನ ಕೆಲಸವನ್ನು ನೋಡದವರಿಗೆ ಅದರ ಕಷ್ಟ ತಿಳಿಯದು. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುವರು. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಬಿಸಿ ನೆಲದ ಮೇಲಿನ ತಗಡಿನ ಕೊಳವೆಗಳ ಮೂಲಕ ಹಾಯ್ದು ಕೋಣೆಯನ್ನು ಕಾಯಿಸುತ್ತದೆ. ಹೊಗೆ ಎಲೆಯನ್ನು ಮುಟ್ಟದೆ ಹೊರಕ್ಕೆ ಹೋಗುತ್ತದೆ. ಮೊದಲು 90ರಿಂದ 100 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಎಲೆ ನಿಧಾನವಾಗಿ ಹಳದಿಯಾಗಬೇಕು. ಅನಂತರ ಬಿಸಿಯನ್ನು ಮೆಟ್ಟಲು ಮೆಟ್ಟಲಾಗಿ ಏರಿಸುತ್ತ, ಎಲೆಯ ನಡುದಂಟು ಒಣಗುವ ಹೊತ್ತಿಗೆ 160 ಡಿಗ್ರಿಯ ಹತ್ತಿರಕ್ಕೆ ತರಬೇಕು. ಇದಕ್ಕೆ ಐದಾರು ದಿನ ಹಿಡಿಯುತ್ತದೆ. ಹಳದಿಯಾಗುವ ಮುಂಚೆಯೇ ಬಿಸಿ ಏರಿದರೆ ಎಲೆಯಲ್ಲಿ ಹಸಿರು ನಿಂತುಬಿಡುತ್ತದೆ. ಒದ್ದೆ ಇರುವಾಗ ಏರಿದರೆ ಕಂದಾಗುತ್ತದೆ. ಉದುರಿದ ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಬೆಂಕಿಯೇ ಹತ್ತಬಹುದು. ಒಂದು ಕಿಲೋ ಒಣಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು. ಆದ್ದರಿಂದ ಆ ಐದಾರು ದಿನವೂ ಮನೆಯ ಯಜಮಾನನಿಗೆ ನಿದ್ರೆಯಿಲ್ಲ.

ಆ ರಾತ್ರಿ ಭಾವ ಒಲೆಯ ಮುಂದೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದರು. ಗಂಟೆಗೊಮ್ಮೆ ಎದ್ದು ಟಾರ್ಚು ಹಿಡಿದು, ಪುಟ್ಟ ಗಾಜಿನ ಕಿಂಡಿಯಿಂದ ಒಳಗಿನ ಉಷ್ಣಮಾಪಕವನ್ನು ನೋಡುವರು. ಮತ್ತೆ ಒಂದು ಕೊರಡನ್ನು ಒಳಕ್ಕೆ ದೂಡುವರು. ಕಣ್ಣುಗಳು ಕೆಂಪಾಗಿದ್ದುವು. ಹುಡುಗಿ ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದವಳು ಥಟ್ಟನೆ ಕೇಳಿದಳು:

“ಅಪ್ಪ, ನೀವು ಏಳುವುದು ಕೊರಡು ಹಾಕಲೋ, ಬಿಸಿ ನೋಡಲೋ?”

“ನೋಡುವುದಕ್ಕೇ ಹತ್ತು ಸಲ, ಹಾಕುವುದಕ್ಕೆ ಮೂರು ಸಲ” ಎಂದರು ಭಾವ.

“ಹಾಗಾದರೆ ಏಳು ಸಲ ಸುಮ್ಮನೆ ಏಳುತ್ತೀರಿ.”

ಅವಳ ಪ್ರಾಜೆಕ್ಟು ಹುಟ್ಟಿದ್ದು ಆ ಲೆಕ್ಕದಲ್ಲಿ. ಬಿಸಿಯನ್ನು ಅಳೆಯುವ ಸಣ್ಣ ಸೆನ್ಸರನ್ನು ಬ್ಯಾರನ್ನಿನೊಳಗೆ ಇಟ್ಟು, ತಂತಿಯನ್ನು ಹೊರಗೆ ತಂದು, ಬಿಸಿ ಗೊತ್ತಾದ ಗೆರೆಯನ್ನು ಮೀರಿದರೂ ಇಳಿದರೂ ಮನೆಯ ಜಗಲಿಯಲ್ಲಿ ಗಂಟೆ ಬಾರಿಸುವಂತೆ ಮಾಡಬಹುದೆಂದು ಅವಳಿಗೆ ಹೊಳೆಯಿತು. ಇದಕ್ಕೆ ಬೇಕಾದ ಸಾಮಾನು ಕೆಲವು ನೂರು ರೂಪಾಯಿಗಳದ್ದು. ಅವಳ ಸಂತೋಷಕ್ಕೆ ಮಿತಿಯಿರಲಿಲ್ಲ. ಆದರೆ ಭಾವ ತಲೆಯಲ್ಲಾಡಿಸಿದರು. “ಎಲ್ಲಿ ಇಡುತ್ತೀಯೆ ಅದನ್ನು? ಕೆಳಗಿನ ಅಂತಸ್ತಿನ ಬಿಸಿಯೇ ಬೇರೆ, ಮೇಲಿನದೇ ಬೇರೆ. ಒಂದು ಕಡೆ ನೋಡಿ ಎಲ್ಲ ಕಡೆಯ ಮಾತು ಹೇಳಿದರೆ ಅದು ಸುಳ್ಳು ಸಾಕ್ಷಿ.” ಹುಡುಗಿ ಬಾಡಿದಳು, ಅನಂತರ ಪುಸ್ತಕವನ್ನು ತೆರೆದು, ಮೂರು ಸೆನ್ಸರುಗಳ ಚಿತ್ರವನ್ನು ಬರೆದಳು. ನಾನು ಕಂಡಂತೆ ಆ ರಾತ್ರಿ ಅವಳಿಗೆ ಗುರುವಾದವರು ಏಳನೆಯ ತರಗತಿಯಲ್ಲಿ ಓದನ್ನು ಬಿಟ್ಟ ಆಕೆಯ ತಂದೆಯೇ.

ಬೆಳಗಾಗೆದ್ದು ಅಕ್ಕನಿಗೆ ಈ ವಿಷಯವನ್ನು ತಿಳಿಸಿದಾಗ ಆಕೆ ಸಂತೋಷಪಡಲಿಲ್ಲ. “ಈ ಸೊಪ್ಪಿನಿಂದಲೇ ನಿನ್ನನ್ನು ಓದಿಸಿದೆವು, ಇಲ್ಲವೆನ್ನುವುದಿಲ್ಲ. ಆದರೆ ಇದು ಸೇದುವವರ ಎದೆಯನ್ನು ಸುಡುವ ಸೊಪ್ಪು. ನೀನು ಕಲಿತ ವಿದ್ಯೆಯನ್ನು ಮತ್ತೆ ಇದಕ್ಕೇ ಹಾಕಬೇಕೆ?” ಎಂದಳು. ಈ ಪ್ರಶ್ನೆಗೆ ನಮ್ಮಲ್ಲಿ ಯಾರಲ್ಲಿಯೂ ಕೂಡಲೇ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಪಿರಿಯಾಪಟ್ಟಣಕ್ಕೆ ಹೋದೆವು. ತಂಬಾಕು ಮಂಡಳಿಯ ಹರಾಜು ನಡೆಯುತ್ತಿದ್ದಿತು. 1975ರ ಕಾಯಿದೆಯಂತೆ ಏರ್ಪಟ್ಟ ಮಂಡಳಿಯಿದು. ಕರ್ನಾಟಕದಲ್ಲಿ ಅದರ ಹರಾಜು 1984ರಲ್ಲಿ ಆರಂಭವಾಯಿತು. ವಿಶಾಲವಾದ ಅಂಗಳದಲ್ಲಿ ಬೇಲುಗಳ ಸಾಲು. ಒಂದೊಂದರ ಮೇಲೂ ಚೀಟಿ. ಕೊಳ್ಳುವವರು ಕೈಯಲ್ಲೊಂದು ಪುಟ್ಟ ಯಂತ್ರವನ್ನು ಹಿಡಿದು, ಕೂಗಾಟವಿಲ್ಲದೆ ಬೆಲೆಯನ್ನು ಒತ್ತಿ ಮುಂದೆ ಸಾಗುವರು. ಬೆಳೆಗಾರನ ಆರು ತಿಂಗಳ ಶ್ರಮಕ್ಕೆ ಕೆಲವು ಕ್ಷಣಗಳಲ್ಲಿ ಬೆಲೆ ಗೊತ್ತಾಗುತ್ತದೆ. ಹುಡುಗಿ ಮೆಲ್ಲಗೆ ಹೇಳಿದಳು: “ಮಾವ, ಮಾರುವ ಜಾಗಕ್ಕೆ ವಿದ್ಯುನ್ಮಾನ ಬಂದಿದೆ. ಬೇಯಿಸುವ ಜಾಗದಲ್ಲಿ ಇನ್ನೂ ಅಪ್ಪನ ಟಾರ್ಚೇ.”

ಹೊಗೆಸೊಪ್ಪಿನ ನಾಳೆಯಾದರೂ ಭದ್ರವಾದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣದ ಒಪ್ಪಂದವನ್ನು ಭಾರತವು 2004ರಲ್ಲಿ ಅನುಮೋದಿಸಿತು. ಬೆಳೆಗಾರರಿಗೆ ಬದುಕಲು ಬೇರೆ ದಾರಿಯನ್ನು ಒದಗಿಸಬೇಕೆಂಬ ಮಾತೂ ಅದರಲ್ಲಿದೆ. ಹೊಸ ನೆಲದಲ್ಲಿ ಹೊಸ ಬದುಕನ್ನು ಕಟ್ಟಿದವರ ಉದಾಹರಣೆ ಇದೇ ತಾಲ್ಲೂಕಿನ ಬೈಲುಕುಪ್ಪೆಯಲ್ಲಿದೆ. 1961ರಲ್ಲಿ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುನೆಲದಲ್ಲಿ, ಹಿಮದ ನಾಡಿನಿಂದ ಬಂದ ಟಿಬೆಟಿನ ನಿರಾಶ್ರಿತರು ನಮ್ಮ ಮಳೆಯನ್ನೂ ಮಣ್ಣನ್ನೂ ಹೊಸದಾಗಿ ಕಲಿತು ಬೇಸಾಯಗಾರರಾದರು. ಮನುಷ್ಯನು ಬೆಳೆಯನ್ನು ಬದಲಾಯಿಸಬಲ್ಲನು; ಆದರೆ ಕಲಿಯುವ ಅಭ್ಯಾಸವಿದ್ದರೆ ಮಾತ್ರ.

ಕಡೆಯದಾಗಿ ಹೆಗ್ಗಡದೇವನಕೋಟೆ. 1974ರಲ್ಲಿ ಮುಗಿದ ಕಬಿನಿಯ ಕಟ್ಟೆಯೂ, ನಾಗರಹೊಳೆ ಬಂಡೀಪುರಗಳ ಕಾಡೂ ಈ ತಾಲ್ಲೂಕಿನ ಬಾಳನ್ನು ಎರಡು ಕಡೆಯಿಂದ ಹಿಡಿದಿವೆ. ಇಲ್ಲಿಯ ಕಾಡಂಚಿನ ಹಳ್ಳಿಯೊಂದರಲ್ಲಿ ಹುಡುಗಿಯ ಸಹಪಾಠಿಯೊಬ್ಬನ ಮನೆಯಿದೆ. ಅವನ ತೊಂದರೆ ಬೆಂಕಿಯದಲ್ಲ, ಆನೆಯದು. ಹೊಲದ ಸುತ್ತ ಸೋಲಾರ್ ಬೇಲಿಯಿದೆ. ಬಿಸಿಲಿನಿಂದ ತುಂಬಿದ ಬ್ಯಾಟರಿಯ ಬಲದಿಂದ ತಂತಿಯಲ್ಲಿ ಆಗಾಗ ಕ್ಷಣಮಾತ್ರ ವಿದ್ಯುತ್ತು ಮಿಡಿಯುತ್ತದೆ. ಮುಟ್ಟಿದ ಪ್ರಾಣಿಗೆ ಜೀವಕ್ಕೆ ಅಪಾಯವಿಲ್ಲದ ಪೆಟ್ಟು ಬೀಳುತ್ತದೆ. ಆದರೆ ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಯನ್ನು ಮುಟ್ಟಿತೆಂದರೆ ಆ ಮಿಡಿತವೆಲ್ಲ ನೆಲಕ್ಕೆ ಸೋರಿಹೋಗುತ್ತದೆ. ಬೇಲಿ ಸತ್ತಿರುವುದು ಆನೆಗೆ ಮೊದಲು ತಿಳಿಯುತ್ತದೆ, ರೈತನಿಗೆ ಬೆಳಿಗ್ಗೆ ತಿಳಿಯುತ್ತದೆ. ಬೇಲಿಯ ಕೊನೆಯಲ್ಲಿ ಮಿಡಿತವನ್ನು ಅಳೆದು, ಕುಂದಿದ ಕೂಡಲೇ ಮೊಬೈಲಿಗೆ ತಿಳಿಸುವ ಉಪಕರಣವನ್ನು ಮಾಡಬೇಕೆಂಬುದು ಆ ಹುಡುಗನ ಆಸೆ. ಮನೆಯವರು ಮಾತ್ರ ಬೆಂಗಳೂರಿಗೆ ಹೋಗೆಂದು ಒತ್ತಾಯಿಸುತ್ತಿದ್ದರು.

ನಾನು ಆ ಮನೆಯ ಹಿರಿಯರಿಗೆ ಇದೇ ತಾಲ್ಲೂಕಿನ ಒಂದು ಸಂಗತಿಯನ್ನು ಜ್ಞಾಪಿಸಿದೆ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿ, ಅನಂತರ ಈ ಕಾಡಂಚಿಗೆ ಬಂದು ನಿಂತರು. ಬ್ರಹ್ಮಗಿರಿಯಲ್ಲಿ 1988ರಲ್ಲಿ ಒಂದು ದನದ ಕೊಟ್ಟಿಗೆಯಲ್ಲಿ ಕಾಡಿನ ಮಕ್ಕಳಿಗೆಂದು ಆರಂಭವಾದ ಶಾಲೆ ಹೊಸಹಳ್ಳಿಯ ದೊಡ್ಡ ವಿದ್ಯಾಕೇಂದ್ರವಾಗಿ ಬೆಳೆಯಿತು. ಅವರ ಕೆಲಸವನ್ನು ನೋಡಿ ಕಲಿಯಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಮುದ್ರ ದಾಟಿ ಬಂದದ್ದುಂಟು. “ಅವರು ಕಲಿಯಲು ಇಲ್ಲಿಗೆ ಬರುವರು, ನಾವು ಇಲ್ಲಿರುವವರನ್ನು ಕಲಿಯಲು ಹೊರಗೆ ಅಟ್ಟುತ್ತೇವೆ” ಎಂದೆ. ಹಿರಿಯರು ನಕ್ಕರು, ಒಪ್ಪಿದರೆಂದು ಹೇಳಲಾರೆ. ಮಗನಿಗೆ ಪಟ್ಟಣದಲ್ಲಿ ಒಂದು ನೌಕರಿಯಾಗಲಿ ಎಂಬ ತಂದೆಯ ಆಸೆ ಹಗುರವಾದದ್ದಲ್ಲ.

ಗೃಹಸ್ಥರು ಗಮನಿಸಬೇಕಾದ ಕೆಲವು ಅನುಕೂಲಗಳನ್ನೂ ಇಲ್ಲಿ ಹೇಳಬೇಕು. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ನಿನವರು, ಆರಿಸಿದ ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿಗಳವರೆಗೆ ಕೊಟ್ಟು, ಆರನೆಯ ತರಗತಿಯಿಂದ ಹನ್ನೆರಡನೆಯದರವರೆಗಿನ ಮಕ್ಕಳು ಬಿಚ್ಚಿ ಜೋಡಿಸಿ ಕಲಿಯುವ ಪ್ರಯೋಗಶಾಲೆಗಳನ್ನು ಏರ್ಪಡಿಸಿದರು. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಪ್ರೌಢಶಾಲೆಯ ಮಗುವಿನ ಸ್ವಂತ ಆಲೋಚನೆ ಆಯ್ಕೆಯಾದರೆ, ಮಾದರಿಯನ್ನು ಮಾಡಲು 10,000 ರೂಪಾಯಿ ಕೊಡುವ ಏರ್ಪಾಡಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಮಕ್ಕಳು ಹತ್ತು ದಿನ ಪುಸ್ತಕದ ಚೀಲವನ್ನು ಬಿಟ್ಟು, ಬಡಗಿ ಕುಂಬಾರರಂಥ ಊರಿನ ಕುಶಲಿಗಳ ಬಳಿ ಕಲಿಯಲೆಂದು ಹೇಳಿದೆ. ಆದರೆ ಹಣವೂ ಉಪಕರಣವೂ ಸರ್ಕಾರದಿಂದ ಬರಬಹುದು. ಪ್ರಶ್ನೆ ಮಾತ್ರ ಮನೆಯಿಂದಲೇ ಬರಬೇಕು.

ಊರಿಗೆ ಹಿಂದಿರುಗುವಾಗ ಹುಡುಗಿಗೆ ಒಂದು ಹೊಸ ತೊಡಕು ತೋರಿತು. ಇಂಟರ್ನ್‌ಷಿಪ್ ಬರುವುದು ಬೇಸಗೆಯ ಮುಂದೆ. ಆಗ ಬ್ಯಾರನ್ ತಣ್ಣಗಿರುತ್ತದೆ. ಪಾಠದ ಪಂಚಾಂಗಕ್ಕೂ ಬೆಳೆಯ ಪಂಚಾಂಗಕ್ಕೂ ಹೊಂದಿಕೆಯಿಲ್ಲ. ಆದ್ದರಿಂದ ರಜೆಯ ಉಳಿದ ದಿನಗಳಲ್ಲಿ ತಂದೆಯೊಡನೆ ಕುಳಿತು, ಗಂಟೆಗಂಟೆಗೂ ಮೂರು ಅಂತಸ್ತುಗಳ ಬಿಸಿಯನ್ನು ಬರೆದಿಟ್ಟಳು. ಬರಿದಾಗಿದ್ದ ಪುಸ್ತಕ ಅಂಕಿಗಳಿಂದ ತುಂಬಿತು. 2024ರಲ್ಲಿ ಹುಣಸೂರಿನ ಒಂದು ಸಣ್ಣ ದುರಸ್ತಿಯ ಕಾರ್ಖಾನೆಯಲ್ಲಿ ನಿಂತು, ಬೆಸುಗೆಯನ್ನೂ ತಂತಿಯ ಜೋಡಣೆಯನ್ನೂ ಕಲಿತು, ಉಪಕರಣವನ್ನು ಮುಗಿಸಿದಳು. ಮೊದಲನೆಯದರ ತಂತಿಯ ಹೊದಿಕೆ ಬಿಸಿಗೆ ಮೆತ್ತಗಾಗಿ ಕೆಟ್ಟಿತು, ಎರಡನೆಯದು ನಿಂತಿತು.

ಅಕ್ಕನ ಪ್ರಶ್ನೆಗೆ ಉತ್ತರ ಹೇಳಿದವರು ಭಾವ. “ಅದು ಸೊಪ್ಪನ್ನು ಅಳೆಯುವುದಿಲ್ಲ ಕಣೆ, ಬಿಸಿಯನ್ನು ಅಳೆಯುತ್ತದೆ. ನಾಳೆ ಸೊಪ್ಪು ನಿಂತು ಅರಿಸಿನವನ್ನೋ ಮೆಣಸಿನಕಾಯಿಯನ್ನೋ ಒಣಗಿಸಿದರೆ ಅದಕ್ಕೂ ಇದೇ ಆಗುತ್ತದೆ” ಎಂದರು. ಮುಚ್ಚಿದ ಕಾರ್ಖಾನೆಯಿಂದ ಕೈಯನ್ನು ಉಳಿಸಿಕೊಂಡ ಹಳೆಯ ಹುಣಸೂರಿನವರ ನೆನಪು ನನಗೆ ಬಂದಿತು.

ಆ ವರ್ಷದ ಸೊಪ್ಪಿನ ಕಾಲದಲ್ಲಿ ಅಕ್ಕನಿಂದ ಒಂದು ಬೆಳಿಗ್ಗೆ ಫೋನು ಬಂದಿತು. ಹಿಂದಿನ ರಾತ್ರಿ ಗಂಟೆ ಬಾರಿಸಿದ್ದು ಮೂರೇ ಸಲವಂತೆ. ಉಪಕರಣದ ವಿಷಯ ಹೆಚ್ಚೇನೂ ಹೇಳಲಿಲ್ಲ. “ನಿಮ್ಮ ಭಾವ ನಿನ್ನೆ ರಾತ್ರಿ ಮಲಗಿದ್ದರು ಕಣೋ” ಎಂದಷ್ಟೇ ಹೇಳಿ, ಹಾಲು ಉಕ್ಕುತ್ತಿದೆಯೆಂದು ಫೋನನ್ನು ಇಟ್ಟಳು.